ಬಿಲ್ಹಣನ ಊರಿನ ಪ್ರೇಕ್ಷಕರು



ಕವಿಯೊಬ್ಬನ ಬದುಕನ್ನು ಪ್ರೇಮಕಥೆ ಮಾಡಿ ತೋರಿಸಿದ ಚಿತ್ರ ಮುಗಿದು ಜನ ಎದ್ದು ಹೊರಗೆ ಬರುವಾಗ ನಮ್ಮ ಹುಮನಾಬಾದಿನ ಕಡೆ ಒಂದು ಮಾತು ತಪ್ಪದೆ ಕಿವಿಗೆ ಬೀಳುತ್ತದೆ: "ಇದೆಲ್ಲಾ ಖರೆ ನಡದಿದ್ದೇನ್ರಿ?" ಬೇರೆ ಚಿತ್ರಗಳಿಗೆ ಈ ಪ್ರಶ್ನೆ ಇಲ್ಲ. ನಾಯಕ ಒಬ್ಬನೇ ನಿಂತು ಇಪ್ಪತ್ತು ಮಂದಿಯನ್ನು ಕೆಡವಿದರೂ ಅದು ಖರೆಯೋ ಸುಳ್ಳೋ ಎಂದು ಯಾರೂ ಕೇಳುವುದಿಲ್ಲ. ಪಿಚ್ಚರ್ ಅಂದಮೇಲೆ ಹಾಗೆಯೇ ಎಂದು ಒಪ್ಪಿಕೊಂಡೇ ಒಳಗೆ ಹೋಗಿರುತ್ತಾರೆ. ಆದರೆ ತೆರೆಯ ಮೇಲೆ ಒಬ್ಬ ಕವಿ ಬಂದು, ಒಂದು ಹೆಣ್ಣನ್ನು ಕಂಡು, ಸೋತು, ಕಳೆದುಕೊಂಡು, ಆ ನೋವಿನಲ್ಲಿ ಕಾವ್ಯ ಬರೆದ ಎಂದು ತೋರಿಸಿದ ಕೂಡಲೇ ಜನಕ್ಕೆ ಖರೆ ಬೇಕಾಗುತ್ತದೆ. ಈ ಪ್ರಶ್ನೆಯನ್ನು ನಾನು ಬಹಳ ಗೌರವದಿಂದ ನೋಡುತ್ತೇನೆ. ಇಷ್ಟು ಚೆಂದದ ಮಾತು ಮನುಷ್ಯನೊಬ್ಬನ ಬಾಯಿಂದ ಬಂದದ್ದಾದರೂ ಹೇಗೆ ಎಂಬ ಬೆರಗು ಅದರ ಒಳಗಿದೆ. ಇವತ್ತಿನ ನನ್ನ ಮಾತು ಆ ಬೆರಗಿನ ಬಗ್ಗೆ, ಆ ಪ್ರಶ್ನೆ ಕೇಳುವ ಪ್ರೇಕ್ಷಕರ ಬಗ್ಗೆ.

1983ರಲ್ಲಿ ಬಂದ 'ಕವಿರತ್ನ ಕಾಳಿದಾಸ' ಚಿತ್ರದಿಂದಲೇ ಶುರುಮಾಡೋಣ. ರೇಣುಕಾ ಶರ್ಮ ನಿರ್ದೇಶನ, ಡಾ. ರಾಜ್‌ಕುಮಾರ್ ಕಾಳಿದಾಸ, ಜಯಪ್ರದಾ ರಾಜಕುಮಾರಿ. ನಮ್ಮ ಭಾಗಕ್ಕೆ ಹೈದರಾಬಾದು ಹತ್ತಿರ, ಬೆಂಗಳೂರು ಬಲು ದೂರ. ಹಿಂದಿ, ತೆಲುಗು, ಮರಾಠಿ ಚಿತ್ರಗಳ ನಡುವೆ ಕನ್ನಡ ಚಿತ್ರ ಜಾಗ ಹಿಡಿಯುವುದೇ ಕಷ್ಟವಿದ್ದ ಕಾಲ ಅದು. ಅಂಥಲ್ಲಿಯೂ ಈ ಚಿತ್ರ ಮನೆಮನೆಯ ಮಾತಾಯಿತು. ಕುರಿ ಕಾಯುವ ಹುಡುಗ ಮೋಸದ ಮದುವೆಯಲ್ಲಿ ರಾಜಕುಮಾರಿಯ ಕೈ ಹಿಡಿಯುತ್ತಾನೆ. ಕಾಳಿಯ ಗುಡಿಯಲ್ಲಿ ವರ ಪಡೆದು ಮಹಾಕವಿಯಾಗುತ್ತಾನೆ. ನಮ್ಮ ಊರುಗಳಲ್ಲಿ ಕುರಿ ಹಿಂಡು ಹೊಡೆದುಕೊಂಡು ಹೋಗುವವರು ಇವತ್ತಿಗೂ ದಿನವೂ ಕಣ್ಣಿಗೆ ಬೀಳುತ್ತಾರೆ. ಹೆಗಲ ಮೇಲೆ ಕಂಬಳಿ ಹೊತ್ತ ಆ ಮನುಷ್ಯನೇ ರಾಜಸಭೆಯಲ್ಲಿ ಪಂಡಿತರ ಎದುರು ನಿಂತದ್ದನ್ನು ನೋಡಿ ಜನ ಕಣ್ಣು ಒರೆಸಿಕೊಂಡರು. ನಮ್ಮ ಓಣಿಯ ಹಿರಿಯ ಹೆಣ್ಣುಮಗಳೊಬ್ಬರು ಅಂದ ಮಾತು ನನಗೆ ಈಗಲೂ ನೆನಪಿದೆ: "ದೇವಿ ನಾಲಿಗಿ ಮ್ಯಾಲ ಬರದ್ರ ಕುರುಬರ ಹುಡುಗನೂ ಕಾಳಿದಾಸ ಆಗ್ತಾನವ್ವ, ನೀ ನಿನ್ನ ಮಗನಿಗಿ ಸಾಲಿ ಬಿಡಸಬ್ಯಾಡ." ಚಿತ್ರ ನೋಡಿದವರ ಪ್ರತಿಕ್ರಿಯೆ ಎಂದರೆ ಏನು ಎಂದು ಯಾರಾದರೂ ಕೇಳಿದರೆ ನಾನು ಮೊದಲು ಈ ಮಾತನ್ನೇ ಹೇಳುವವನು. ಪತ್ರಿಕೆಯ ವಿಮರ್ಶೆ ಆಮೇಲಿನದು.

ಇನ್ನು ಖರೆಯ ಮಾತು. ಚಿತ್ರದಲ್ಲಿ ಕಾಳಿದಾಸ ಇರುವುದು ಭೋಜರಾಜನ ಆಸ್ಥಾನದಲ್ಲಿ. ಧಾರಾನಗರದ ಭೋಜ 11ನೆಯ ಶತಮಾನದವನು. ಕಾಳಿದಾಸನ ಹೆಸರು 634ನೆಯ ಇಸವಿಯ ಐಹೊಳೆ ಶಾಸನದಲ್ಲೇ ಬಂದಿದೆ. ಇಮ್ಮಡಿ ಪುಲಕೇಶಿಯ ಕವಿ ರವಿಕೀರ್ತಿ ತನ್ನನ್ನು ಕಾಳಿದಾಸ, ಭಾರವಿ ಇಬ್ಬರಿಗೂ ಸಮನೆಂದು ಆ ಕಲ್ಲಿನ ಮೇಲೆ ಹೇಳಿಕೊಂಡಿದ್ದಾನೆ. ಕಾಳಿದಾಸ ಅದಕ್ಕಿಂತ ಹಿಂದಿನವನು ಎನ್ನಲು ನಮ್ಮ ಕರ್ನಾಟಕದ ಈ ಕಲ್ಲೇ ಗಟ್ಟಿಯಾದ ಆಧಾರ. ಹಾಗಿದ್ದಮೇಲೆ ಅವನೂ ಭೋಜನೂ ಎದುರುಬದುರು ಕೂತದ್ದು ನಡೆಯಲಾರದ ಮಾತು. ಕುರಿ ಕಾಯುವ ಹುಡುಗನ ಕಥೆ, ಕಾಳಿಯ ವರ, ಭೋಜನ ಸಭೆ, ಇವೆಲ್ಲ ಕವಿ ಹೋಗಿ ನೂರಾರು ವರ್ಷಗಳಾದ ಮೇಲೆ ಜನ ಕಟ್ಟಿದ್ದು. ಈ ಸಂಗತಿಯನ್ನು ನಾನು ತರಗತಿಯಲ್ಲಿ ಹೇಳಿದಾಗಲೆಲ್ಲ ಮಕ್ಕಳ ಮುಖ ಸಪ್ಪಗಾಗುತ್ತಿತ್ತು. ಅವರ ಕೈಯಲ್ಲಿದ್ದ ಕಾಳಿದಾಸನನ್ನು ಕಿತ್ತುಕೊಂಡಂತೆ ಆಗುತ್ತಿತ್ತು. ಬದಲಿಗೆ ಕೊಡಲು ನನ್ನಲ್ಲಿ ಮೇಘದೂತ ಇತ್ತು, ಆದರೆ ಅದು ಅವರ ಕಿವಿಗೆ ಇನ್ನೂ ಬಿದ್ದಿರಲಿಲ್ಲ.

ಇದೇ ಜನ, ಇದೇ ಊರು, ಇನ್ನೊಂದು ಚಿತ್ರವನ್ನು ಬೇರೆಯೇ ರೀತಿ ನೋಡಿದ್ದುಂಟು. 1954ರ 'ಮಿರ್ಜಾ ಗಾಲಿಬ್'. ಸೊಹ್ರಾಬ್ ಮೋದಿ ತೆಗೆದದ್ದು. ಕಥೆ ಸಾದತ್ ಹಸನ್ ಮಂಟೋ ಅವರದು, ಗಾಲಿಬನಾಗಿ ಭರತ್ ಭೂಷಣ್, ಅವನನ್ನು ಪ್ರೀತಿಸುವ ಹೆಣ್ಣಾಗಿ ಸುರೈಯಾ. ಆ ವರ್ಷದ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪತಿಗಳ ಸ್ವರ್ಣಪದಕ ಅದಕ್ಕೆ ಸಂದಿತು. ನಿಜಾಮನ ಕಾಲದಲ್ಲಿ ನಮ್ಮ ಸಾಲೆಗಳ ಭಾಷೆ ಉರ್ದು. ಹುಮನಾಬಾದು, ಕಲ್ಯಾಣದ ಕಡೆಯ ನಮ್ಮ ಮುತ್ಯಾಗಳು ಮನೆಯಲ್ಲಿ ಕನ್ನಡ ಆಡುತ್ತ, ಪೇಟೆಯಲ್ಲಿ ದಖ್ಖನಿ ಆಡುತ್ತ, ಸಾಲೆಯಲ್ಲಿ ಉರ್ದು ಓದಿದವರು. ಬೆಳಗ್ಗೆ ಲಿಂಗಪೂಜೆ ಮಾಡಿ ವಚನ ಹೇಳಿಕೊಳ್ಳುತ್ತಿದ್ದ ಹಿರಿಯರೇ ಸಂಜೆ ಕಟ್ಟೆಯ ಮೇಲೆ ಕೂತು ಗಾಲಿಬನ ಶೇರು ಹೇಳುತ್ತಿದ್ದರು. ಅಂಥ ಒಬ್ಬ ಹಿರಿಯರ ಬಾಯಿಂದ ಈ ಚಿತ್ರದ ಬಗ್ಗೆ ನಾನು ಕೇಳಿದ್ದೇನೆ. ಆ ಪ್ರೇಮ ನಡೆದದ್ದು ಖರೆಯೇ ಎಂದು ಅವರನ್ನು ಕೇಳಿದೆ. ಅದರ ಕಡೆ ಅವರು ಗಮನವನ್ನೇ ಕೊಡಲಿಲ್ಲ. "ಸುರೈಯಾ ಗಜಲ್ ಛಲೋ ಹಾಡ್ಯಾಳ. ಭರತ್ ಭೂಷಣ ಬಾಳ ಸೀದಾ ಮನಷ್ಯಾ ಕಾಣ್ತಾನ. ಗಾಲಿಬ್ ಅಷ್ಟು ಸೀದಾ ಇರಲಿಲ್ಲ, ಅವನ ಮಾತಿನ್ಯಾಗ ಕುಡುಗೋಲು ಇರ್ತಿತ್ತು" ಅಂದರು. ಈ ಮಾತು ಹೇಳುವ ಮನುಷ್ಯ ಹಸಿರು ಜೋಳದ ದಂಟು ಕೊಯ್ದು ಬಂದು ಕೂತಿದ್ದರು. ಅವರು ನಟನನ್ನು ಅಳೆದದ್ದು ಗಾಲಿಬನ ಸಾಲುಗಳಿಂದ. ಆ ಸಾಲು ಬರೆದವನು ಇಷ್ಟು ಮೆತ್ತಗೆ ಇರಲಾರ ಎಂಬುದು ಅವರ ತಕರಾರು.

ನನ್ನ ಇವತ್ತಿನ ಮಾತಿನ ಹುರುಳೇ ಇದು. ಕವಿಯ ಚಿತ್ರ ನೋಡುವವರಲ್ಲಿ ಎರಡು ಬಗೆ. ಕವಿಯ ಮಾತು ಬಾಯಲ್ಲಿ ಇದ್ದವರು ಚಿತ್ರವನ್ನು ಆ ಮಾತಿನ ಜತೆ ಹಿಡಿದು ನೋಡುತ್ತಾರೆ, ಜಗಳ ತೆಗೆಯುತ್ತಾರೆ, ಇಲ್ಲಿ ಸರಿ ಇಲ್ಲಿ ತಪ್ಪು ಎನ್ನುತ್ತಾರೆ. ಮಾತು ಕೈಗೆ ಸಿಗದವರಿಗೆ ಕಥೆಯೊಂದೇ ಉಳಿಯುತ್ತದೆ. ಅವರು ನಂಬಬೇಕು, ಇಲ್ಲ ಬಿಡಬೇಕು. ತಪ್ಪು ಆ ಪ್ರೇಕ್ಷಕರದಲ್ಲ, ಅವರ ಕೈಗೆ ಕವಿಯನ್ನು ತಲುಪಿಸದವರದು.

ಬಸವಕಲ್ಯಾಣದಲ್ಲಿ ಕೂತು ಇದನ್ನು ಯೋಚಿಸಿದರೆ ಇನ್ನೂ ಸ್ಪಷ್ಟವಾಗುತ್ತದೆ. ಬಸವಣ್ಣನವರ ಮೇಲೆ 1959ರಲ್ಲಿ 'ಜಗಜ್ಯೋತಿ ಬಸವೇಶ್ವರ' ಬಂತು. ಟಿ.ವಿ. ಸಿಂಗ್ ಠಾಕೂರ್ ನಿರ್ದೇಶನ. ಬಸವಣ್ಣನಾಗಿ ಹೊನ್ನಪ್ಪ ಭಾಗವತರು, ಕಲ್ಯಾಣದ ಅರಸ ಬಿಜ್ಜಳನಾಗಿ ರಾಜ್‌ಕುಮಾರ್. ಇದೇ ಹೊನ್ನಪ್ಪ ಭಾಗವತರು ಅದಕ್ಕೆ ನಾಲ್ಕು ವರ್ಷ ಮೊದಲು, 1955ರಲ್ಲಿ, 'ಮಹಾಕವಿ ಕಾಳಿದಾಸ'ದಲ್ಲಿ ಕಾಳಿದಾಸನಾಗಿದ್ದರು, ಬಿ. ಸರೋಜಾದೇವಿಯವರ ಮೊದಲ ಚಿತ್ರ ಅದು. ಒಬ್ಬನೇ ನಟ, ಇಬ್ಬರು ಕವಿಗಳು. ಕಾಳಿದಾಸನಾಗಿ ಅವರು ಏನು ಆಡಿದರೂ ಜನ ಒಪ್ಪಿದರು. ಬಸವಣ್ಣನಾಗಿ ಆಡುವಾಗ ಒಂದು ವಚನ ತಡವರಿಸಿದರೂ ನಮ್ಮ ಕಡೆಯ ಮುದುಕಿ ಕೂತಲ್ಲಿಂದಲೇ ತಿದ್ದುವಳು. ಕವಿರತ್ನ ಕಾಳಿದಾಸ ಬಂದ 1983ರಲ್ಲೇ ಕೆ.ಎಸ್.ಎಲ್. ಸ್ವಾಮಿಯವರ 'ಕ್ರಾಂತಿಯೋಗಿ ಬಸವಣ್ಣ' ಕೂಡ ಬಂತು. ಅಶೋಕ್ ಅವರ ಬಸವಣ್ಣನನ್ನು ಕುರಿತು ಕಲ್ಯಾಣದ ಜನ ಆಡಿದ್ದೆಲ್ಲ ಚರ್ಚೆಯೇ. ಪರುಷ ಕಟ್ಟೆ ಹೀಗಿತ್ತೇ, ಬಿಜ್ಜಳ ಅಷ್ಟು ಕೆಟ್ಟವನೇ, ಮಡದಿ ನೀಲಾಂಬಿಕೆಗೆ ಇಷ್ಟೇ ಮಾತೇ. ಇಂಥ ಪ್ರೇಕ್ಷಕರು ಕನ್ನಡದಲ್ಲಿ ಬೇರೆಲ್ಲೂ ಸಿಗಲಾರರು ಎಂದು ನಾನು ಹೆಮ್ಮೆಯಿಂದ ಹೇಳುತ್ತೇನೆ. ಆ ಬಲ ಅವರಿಗೆ ಬಂದದ್ದು ವಚನದಿಂದ. ಮಠ, ಮನೆಗಳಲ್ಲಿ ಗಂಟು ಕಟ್ಟಿ ಇಟ್ಟಿದ್ದ ತಾಡೋಲೆಗಳನ್ನು ಫ.ಗು. ಹಳಕಟ್ಟಿಯವರು ಹುಡುಕಿ, ಓದಿ, 1923ರಲ್ಲಿ 'ವಚನಶಾಸ್ತ್ರಸಾರ'ವೆಂದು ಅಚ್ಚು ಹಾಕಿಸಿದರು. ಜನರ ಬಾಯಲ್ಲಿ ಇದ್ದದ್ದಕ್ಕೆ ಪುಸ್ತಕದ ಆಸರೆಯೂ ಸಿಕ್ಕಿತು. ಅಲ್ಲಿಂದ ಮುಂದೆ ಬಸವಣ್ಣ, ಅಕ್ಕ, ಅಲ್ಲಮರ ಬಗ್ಗೆ ಯಾರು ಯಾವ ಕಥೆ ಹೇಳಿದರೂ, ಅವರ ಮಾತನ್ನು ಮುಂದಿಟ್ಟು ಪ್ರಶ್ನೆ ಹಾಕುವ ದಾರಿ ಜನರಿಗೆ ತೆರೆಯಿತು.

ಆದರೆ ಇದೇ ಕಲ್ಯಾಣದಲ್ಲಿ, ಬಸವಣ್ಣನವರಿಗಿಂತ ಮುಂಚೆ, ಇನ್ನೊಬ್ಬ ದೊಡ್ಡ ಕವಿ ಬಾಳಿದ್ದ. ಅವನ ಹೆಸರು ಬಿಲ್ಹಣ. ಅವನ ಪ್ರೇಮಕಥೆ ಭಾರತದ ತುಂಬ ಹಬ್ಬಿದೆ, ಹಡಗು ಹತ್ತಿ ಯುರೋಪಿಗೂ ಹೋಗಿದೆ. ಅವನ ಊರಿನವರಾದ ನಮಗೆ ಮಾತ್ರ ಅವನ ಒಂದು ಸಾಲೂ ಬಾಯಿಗೆ ಬರುವುದಿಲ್ಲ. ಇದು ನನ್ನನ್ನು ಬಹಳ ವರ್ಷಗಳಿಂದ ಕಾಡುತ್ತಿದೆ.

ಮೊದಲು ಕಥೆ ಕೇಳಿ. ರಾಜನೊಬ್ಬನಿಗೆ ಒಬ್ಬಳೇ ಮಗಳು, ಚೆಲುವೆ. ಅವಳಿಗೆ ಕಾವ್ಯ ಕಲಿಸಲು ಬಿಲ್ಹಣ ಬರುತ್ತಾನೆ. ಇಬ್ಬರೂ ಎಳೆಯರು, ಒಬ್ಬರ ಮುಖ ಒಬ್ಬರು ನೋಡಬಾರದು ಎಂದು ನಡುವೆ ಪರದೆ ಕಟ್ಟಿ, ಒಬ್ಬರ ಬಗ್ಗೆ ಇನ್ನೊಬ್ಬರಿಗೆ ಸುಳ್ಳು ಹೇಳುತ್ತಾರೆ. ಪರದೆಯ ಆಚೆ ಇರುವವರಿಗೆ ಒಬ್ಬರಿಗೆ ಕಣ್ಣಿಲ್ಲ, ಇನ್ನೊಬ್ಬರಿಗೆ ಕುಷ್ಠ ಎಂದು. ಪಾಠ ನಡೆಯುತ್ತದೆ. ಒಂದು ಹುಣ್ಣಿಮೆಯ ರಾತ್ರಿ ಚಂದ್ರನನ್ನು ವರ್ಣಿಸುವ ಮಾತು ಕೇಳಿ ಅನುಮಾನ ಹುಟ್ಟುತ್ತದೆ, ಪರದೆ ಸರಿಯುತ್ತದೆ. ಮುಂದಿನದು ನಿಮಗೆ ಗೊತ್ತಾಗಿರಬೇಕು. ಸುದ್ದಿ ರಾಜನಿಗೆ ಮುಟ್ಟಿ ಮರಣದಂಡನೆಯಾಗುತ್ತದೆ. ವಧಾಸ್ಥಾನಕ್ಕೆ ಹೋಗುತ್ತ ಕವಿ ತನ್ನ ಪ್ರಿಯೆಯನ್ನು ನೆನೆದು ಐವತ್ತು ಶ್ಲೋಕ ಹೇಳುತ್ತಾನೆ. ಅದೇ 'ಚೌರಪಂಚಾಶಿಕಾ'. ಕೆಲವು ಪಾಠಗಳಲ್ಲಿ ರಾಜ ಕರಗಿ ಮಗಳನ್ನು ಕೊಡುತ್ತಾನೆ, ಕೆಲವು ಕೊನೆಯನ್ನು ಹೇಳದೆ ಬಿಡುತ್ತವೆ.

ಸಿನೆಮಾಕ್ಕೆಂದೇ ಹೆಣೆದಂತಿದೆ ಅಲ್ಲವೇ? ಸಿನೆಮಾ ಆಗಿಯೂ ಆಯಿತು. 1948ರಲ್ಲಿ ತಮಿಳಿನಲ್ಲಿ ಇದೇ ಕಥೆಯ ಮೇಲೆ ಎರಡು ಚಿತ್ರಗಳು ಬಂದವು. ಎ.ಎಸ್.ಎ. ಸಾಮಿ ಬರೆದ ನಾಟಕವನ್ನು ರಂಗದ ಮೇಲೆ ಆಡಿ ಹೆಸರು ಮಾಡಿದ್ದ ಟಿ.ಕೆ.ಎಸ್. ಸಹೋದರರ 'ಬಿಲ್ಹಣನ್' ಚಿತ್ರದಲ್ಲಿ ಟಿ.ಕೆ. ಷಣ್ಮುಗಂ ಕವಿಯಾದರು, ಇನ್ನೊಂದರಲ್ಲಿ ಕೆ.ಆರ್. ರಾಮಸ್ವಾಮಿ. ಮದ್ರಾಸಿನ ಕಡೆಯ ಜನ ಬಿಲ್ಹಣನಿಗಾಗಿ ಕಣ್ಣೀರು ಹಾಕುತ್ತಿದ್ದ ಆ ವರ್ಷವೇ ಬಿಲ್ಹಣನ ಕಲ್ಯಾಣ ನಿಜಾಮನ ಆಳ್ವಿಕೆಯಿಂದ ಬಿಡಿಸಿಕೊಳ್ಳುತ್ತಿತ್ತು. ಸೆಪ್ಟೆಂಬರ್ 17ರವರೆಗೂ ನಮ್ಮ ಊರುಗಳಲ್ಲಿ ರಜಾಕಾರರ ಹಾವಳಿ. ಸಿನೆಮಾ ನೋಡುವ ಹೊತ್ತು ಯಾರಿಗಿತ್ತು?

ಐವತ್ತು ಶ್ಲೋಕಗಳು ಹೋದ ದೂರ ಇನ್ನೂ ದೊಡ್ಡದು. 16ನೆಯ ಶತಮಾನದಲ್ಲಿ ಉತ್ತರ ಭಾರತದ ಚಿತ್ರಕಾರರು ಅವುಗಳಿಗೆ ಚಿತ್ರ ಬರೆದರು; ಆ ಬಗೆಯ ಚಿತ್ರಗಳ ಗುಂಪಿಗೇ ಈ ಕಾವ್ಯದ ಹೆಸರು ನಿಂತಿದೆ. 1896ರಲ್ಲಿ ಎಡ್ವಿನ್ ಆರ್ನಾಲ್ಡ್ ಇಂಗ್ಲಿಷಿಗೆ ತಂದ. 1919ರಲ್ಲಿ ಪೋವಿಸ್ ಮ್ಯಾಥರ್ಸ್ 'ಬ್ಲ್ಯಾಕ್ ಮ್ಯಾರಿಗೋಲ್ಡ್ಸ್' ಎಂದು ಮತ್ತೆ ತಂದ. ಅಮೆರಿಕದ ಕಾದಂಬರಿಕಾರ ಜಾನ್ ಸ್ಟೈನ್‌ಬೆಕ್ 1945ರ ತನ್ನ 'ಕ್ಯಾನರಿ ರೋ' ಕಾದಂಬರಿಯ ಕೊನೆಯಲ್ಲಿ ಅದರ ಸಾಲುಗಳನ್ನು ಪಾತ್ರವೊಂದರಿಂದ ಓದಿಸಿದ. ಕ್ಯಾಲಿಫೋರ್ನಿಯಾದ ಮೀನುಪೇಟೆಯ ಓದುಗನಿಗೆ ಮುಟ್ಟಿದ ಕವಿ ಸಸ್ತಾಪುರ ಬಂಗ್ಲಾದಲ್ಲಿ ಬಸ್ಸು ಇಳಿದು ಕಲ್ಯಾಣಕ್ಕೆ ಹೋಗುವವನಿಗೆ ಮುಟ್ಟಿಲ್ಲ.

ಈಗ ಖರೆಯ ಮಾತಿಗೆ ಬರೋಣ. ಪ್ರೇಮಕಥೆ ಹೇಳುವವರು ರಾಜನ ಹೆಸರನ್ನು ಒಂದೊಂದು ಕಡೆ ಒಂದೊಂದು ಮಾಡುತ್ತಾರೆ. ಒಬ್ಬರು ವೀರಸಿಂಹ ಎನ್ನುತ್ತಾರೆ, ಇನ್ನೊಬ್ಬರು ಮದನಾಭಿರಾಮ. ರಾಜಕುಮಾರಿ ಒಮ್ಮೆ ಶಶಿಕಲೆ, ಒಮ್ಮೆ ಚಂದ್ರಲೇಖೆ, ಒಮ್ಮೆ ಯಾಮಿನಿ. ಆ ಐವತ್ತು ಶ್ಲೋಕ ಬಿಲ್ಹಣನದೇ ಹೌದೋ ಅಲ್ಲವೋ ಎಂಬುದರಲ್ಲೂ ಪಂಡಿತರಿಗೆ ಒಮ್ಮತವಿಲ್ಲ. ಇತ್ತ ಬಿಲ್ಹಣ ತನ್ನ ಬದುಕನ್ನು ತಾನೇ ಬರೆದಿಟ್ಟಿದ್ದಾನೆ, ಅದರಲ್ಲಿ ಈ ಪ್ರೇಮದ ಸುಳಿವೇ ಇಲ್ಲ. ಆ ಪುಸ್ತಕದ ಹೆಸರು 'ವಿಕ್ರಮಾಂಕದೇವಚರಿತ'. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಚರಿತ್ರೆ. ಅವನು 1076ರಿಂದ 1126ರವರೆಗೆ ಆಳಿದವನು, ತನ್ನ ಹೆಸರಿನಲ್ಲೇ ಶಕೆ ಆರಂಭಿಸಿದವನು. ಅವನ ಕಾಲದ ಕಲ್ಯಾಣದಲ್ಲೇ ವಿಜ್ಞಾನೇಶ್ವರ 'ಮಿತಾಕ್ಷರಾ' ಬರೆದದ್ದು. ಹಿಂದೂ ಆಸ್ತಿ ಹಂಚಿಕೆಯ ಖಟ್ಲೆಗಳಲ್ಲಿ ವಕೀಲರು ಮೊನ್ನೆ ಮೊನ್ನೆಯವರೆಗೂ ಎತ್ತಿ ಹೇಳುತ್ತಿದ್ದ ಪುಸ್ತಕ ಅದು.

ಬಿಲ್ಹಣನ ಈ ಕಾವ್ಯ ಕಳೆದೇ ಹೋಗಿತ್ತು. 1874ರಲ್ಲಿ ಜಾರ್ಜ್ ಬ್ಯೂಲರ್ ಎಂಬ ಜರ್ಮನ್ ಪಂಡಿತ ರಾಜಸ್ಥಾನದ ಮರಳುಗಾಡಿನ ಜೈಸಲ್ಮೇರಿಗೆ ಹೋದ. ಅಲ್ಲಿನ ಜೈನ ಭಂಡಾರದಲ್ಲಿ ತಾಳೆಗರಿಯ ಒಂದು ಪ್ರತಿ ಸಿಕ್ಕಿತು. ಜತೆಗೆ ಬಂದಿದ್ದ ಹರ್ಮನ್ ಯಾಕೋಬಿಯೂ ಅವನೂ ಕೂತು ನಕಲು ಮಾಡಿಕೊಂಡರು. ಮರುವರ್ಷ ಮುಂಬಯಿಯಲ್ಲಿ ಅಚ್ಚಾಯಿತು. ನಮ್ಮ ಕಲ್ಯಾಣದ ಕಾವ್ಯವನ್ನು ಜೈಸಲ್ಮೇರಿನ ಜೈನ ಮುನಿಗಳು ನೂರಾರು ವರ್ಷ ಗೆದ್ದಲಿನಿಂದ ಕಾಪಾಡಿ ಕೊಟ್ಟರು. ಅವರಿಗೆ ನಾವು ಋಣಿಗಳು.

ಆ ಕಾವ್ಯಕ್ಕೆ ಹದಿನೆಂಟು ಸರ್ಗ. ಕೊನೆಯ ಸರ್ಗದಲ್ಲಿ ಬಿಲ್ಹಣ ತನ್ನ ಕಥೆ ಹೇಳುತ್ತಾನೆ. ಕಾಶ್ಮೀರದಲ್ಲಿ, ಇಂದಿನ ಶ್ರೀನಗರದ ಹತ್ತಿರ, ಖೋನಮುಖ ಎಂಬ ಹಳ್ಳಿ. ಕೇಸರಿಯ ಹೊಲ, ದ್ರಾಕ್ಷಿಯ ಬಳ್ಳಿ. ತಂದೆ ಜ್ಯೇಷ್ಠಕಲಶ, ವ್ಯಾಕರಣದ ಪಂಡಿತ, ಪತಂಜಲಿಯ ಮಹಾಭಾಷ್ಯಕ್ಕೆ ವ್ಯಾಖ್ಯಾನ ಬರೆದವನು. ತಾಯಿ ನಾಗಾದೇವಿ. ಅಣ್ಣ ಇಷ್ಟರಾಮ, ತಮ್ಮ ಆನಂದ, ಇಬ್ಬರೂ ಕವಿಗಳು. ಓದು ಮುಗಿಸಿ ಬಿಲ್ಹಣ ಊರು ಬಿಟ್ಟು ಹೊರಟ. ಮಥುರೆ, ಕನೌಜು, ಪ್ರಯಾಗ, ಕಾಶಿ. ಡಾಹಲದ ಕರ್ಣನ ಆಸ್ಥಾನದಲ್ಲಿ ಗಂಗಾಧರನೆಂಬ ಕವಿಯನ್ನು ಸೋಲಿಸಿದೆ ಎಂದು ಹೇಳಿಕೊಳ್ಳುತ್ತಾನೆ. ಗುಜರಾತಿಗೆ ಹೋಗಿ 'ಕರ್ಣಸುಂದರಿ' ನಾಟಕ ಬರೆದ. ಅಲ್ಲಿಯ ಜನರ ನಡೆನುಡಿ ಅವನಿಗೆ ಹಿಡಿಸಲಿಲ್ಲ, ಅದನ್ನೂ ಬರೆದಿದ್ದಾನೆ. ಸೋಮನಾಥನನ್ನು ನೋಡಿ ದಕ್ಷಿಣಕ್ಕೆ ಇಳಿದ. ಕೊನೆಗೆ ಕಲ್ಯಾಣಕ್ಕೆ ಬಂದ. ವಿಕ್ರಮಾದಿತ್ಯ ಅವನಿಗೆ ವಿದ್ಯಾಪತಿ ಎಂಬ ಪದವಿ ಕೊಟ್ಟ, ಆನೆ ಕೊಟ್ಟ, ಛತ್ರ ಕೊಟ್ಟ. ಕಾಶ್ಮೀರದಲ್ಲೇ ಕೂತು 'ರಾಜತರಂಗಿಣಿ' ಬರೆದ ಕಲ್ಹಣನೂ, ಕರ್ಣಾಟದ ದೊರೆ ಬಿಲ್ಹಣನನ್ನು ವಿದ್ಯಾಪತಿಯಾಗಿ ಮಾಡಿದ ಸಂಗತಿಯನ್ನು ದಾಖಲಿಸಿದ್ದಾನೆ. ಇದು ಖರೆ. ಹಿಮದ ನಾಡಿನ ಹುಡುಗ ನಮ್ಮ ಕೆಂಪುಗಲ್ಲಿನ ನೆಲಕ್ಕೆ ಬಂದು, ಕಲ್ಯಾಣದ ಬೀದಿಯಲ್ಲಿ ಆನೆ ಮೇಲೆ ಕೂತು ಹೋದದ್ದು ಖರೆ.

ಇದರಲ್ಲೇ ಒಂದು ಕಡೆ ಭೋಜನ ಮಾತು ಬರುತ್ತದೆ. ಭೋಜ ಬದುಕಿದ್ದಾಗ ಏಕೆ ಬರಲಿಲ್ಲ ಎಂದು ಧಾರಾನಗರವೇ ತನ್ನನ್ನು ಕುರಿತು ಅತ್ತಿತು ಎಂದು ಬಿಲ್ಹಣ ಬರೆಯುತ್ತಾನೆ. ಕಾಳಿದಾಸನನ್ನು ಭೋಜನ ಸಭೆಯಲ್ಲಿ ಕೂರಿಸಿ ನಾವು ಚಿತ್ರ ನೋಡಿದೆವು. ಭೋಜನ ಸಭೆಯಲ್ಲಿ ಕೂರಬೇಕೆಂದು ನಿಜವಾಗಿಯೂ ಹಂಬಲಿಸಿ, ಸ್ವಲ್ಪದರಲ್ಲಿ ಆ ಅವಕಾಶ ಕಳೆದುಕೊಂಡ ಕವಿ ಕಲ್ಯಾಣದಲ್ಲಿ ಇದ್ದ.

ಬಿಲ್ಹಣನ ಬದುಕಿನಲ್ಲಿ ಪ್ರೇಮಕ್ಕಿಂತ ದೊಡ್ಡದೊಂದು ಇಕ್ಕಟ್ಟು ಇತ್ತು. ವಿಕ್ರಮಾದಿತ್ಯ ಹಿರಿಯ ಮಗನಲ್ಲ. ಅಣ್ಣ ಎರಡನೆಯ ಸೋಮೇಶ್ವರನನ್ನು ಇಳಿಸಿ ಸಿಂಹಾಸನ ಹತ್ತಿದವನು. ಆ ಅರಸನ ಅನ್ನ ಉಂಡು ಆ ಅರಸನ ಕಥೆ ಬರೆಯಬೇಕಾಗಿ ಬಂದ ಕವಿ, ಅಣ್ಣ ಕೆಟ್ಟವನಾದ, ಶಿವನೇ ತಮ್ಮನಿಗೆ ಅಪ್ಪಣೆ ಕೊಟ್ಟ ಎಂದು ಬರೆದ. ಅದೇ ಕೈ, ಅದೇ ಕಾವ್ಯದಲ್ಲಿ, ತಂದೆ ಮೊದಲನೆಯ ಸೋಮೇಶ್ವರ ವಾಸಿಯಾಗದ ಜ್ವರದಿಂದ ಬೇಸತ್ತು ತುಂಗಭದ್ರೆಯಲ್ಲಿ ಇಳಿದು ಜಲಸಮಾಧಿಯಾದ ಸಂಗತಿಯನ್ನು ಬರೆದಿದೆ. 1068ರಲ್ಲಿ ಕುರುವತ್ತಿಯಲ್ಲಿ ನಡೆದದ್ದು ಅದು. ಕರಹಾಟದ ಶಿಲಾಹಾರ ರಾಜಕುಮಾರಿ ಚಂದ್ರಲೇಖೆಯ ಸ್ವಯಂವರಕ್ಕೆ ವಿಕ್ರಮಾದಿತ್ಯ ಹೋದದ್ದು, ಅವಳು ಮಾಲೆ ಹಾಕಿದ್ದು, ವಸಂತ, ಉಯ್ಯಾಲೆ, ಜಲಕ್ರೀಡೆ, ಎಲ್ಲವನ್ನೂ ಸರ್ಗಗಟ್ಟಲೆ ಬಿಡಿಸಿದ್ದಾನೆ. ಅರಸನ ಪ್ರೇಮವನ್ನು ಅಷ್ಟು ಬಣ್ಣ ಹಚ್ಚಿ ಬರೆದ ಕವಿಗೆ ಮುಂದೆ ಜನ ತಾವೇ ಒಂದು ಪ್ರೇಮ ಕಟ್ಟಿಕೊಟ್ಟರು. ಆ ಅರಸನ ರಾಣಿಯ ಹೆಸರೇ ಕವಿಯ ಪ್ರಿಯೆಯ ಹೆಸರೂ ಆಗಿ ಕೆಲವು ಪಾಠಗಳಲ್ಲಿ ಸೇರಿಕೊಂಡಿತು. ಕವಿಗಳನ್ನು ಕೆಣಕಬೇಡಿ, ರಾಮನಿಗೆ ಕೀರ್ತಿ ಬಂದದ್ದೂ ರಾವಣನಿಗೆ ಅಪಕೀರ್ತಿ ಬಂದದ್ದೂ ವಾಲ್ಮೀಕಿಯಿಂದ ಎಂದು ಅರಸರಿಗೆ ಎಚ್ಚರಿಕೆ ಕೊಟ್ಟವನು ಈ ಬಿಲ್ಹಣ.

ಬರೆಯುವವರಿಗೆ ಹೀಗೆ ಪ್ರೇಮ ಕಟ್ಟಿಕೊಡುವುದಕ್ಕೆ ದೂರದ ದೇಶದ ಒಂದು ಉದಾಹರಣೆಯನ್ನೂ ಇಲ್ಲಿ ಹೇಳಬೇಕು. ಇಂಗ್ಲೆಂಡಿನ ಕಾದಂಬರಿಕಾರ್ತಿ ಜೇನ್ ಆಸ್ಟಿನ್ ಮದುವೆಯಾಗದೆ, 1817ರಲ್ಲಿ, ನಲವತ್ತೊಂದರ ವಯಸ್ಸಿನಲ್ಲಿ ತೀರಿಕೊಂಡಳು. 1796ರ ಜನವರಿಯಲ್ಲಿ ಅಕ್ಕ ಕಸ್ಸಾಂಡ್ರಾಗೆ ಬರೆದ ಕಾಗದಗಳಲ್ಲಿ ಟಾಮ್ ಲೆಫ್ರಾಯ್ ಎಂಬ ಐರ್ಲೆಂಡಿನ ತರುಣನ ಜತೆ ಕುಣಿದದ್ದು, ನಕ್ಕದ್ದು ಇದೆ. ಮುಂದೆ ಅವನು ಐರ್ಲೆಂಡಿನ ಮುಖ್ಯ ನ್ಯಾಯಾಧೀಶನಾದ. ಅಕ್ಕ ಬಹಳಷ್ಟು ಕಾಗದಗಳನ್ನು ಸುಟ್ಟುಹಾಕಿದಳು. ಉಳಿದ ಆ ಕೆಲವು ಸಾಲುಗಳ ಮೇಲೆ 2007ರಲ್ಲಿ 'ಬಿಕಮಿಂಗ್ ಜೇನ್' ಎಂಬ ಚಿತ್ರ ಎದ್ದಿತು. ಓಡಿಹೋಗಲು ಹೊರಟ ಪ್ರೇಮಿಗಳು, ಅರ್ಧ ದಾರಿಯಲ್ಲಿ ಹಿಂದಿರುಗುವ ಹುಡುಗಿ, ಆ ನೋವಿನಿಂದ ಹುಟ್ಟುವ ಕಾದಂಬರಿ. ನೋಡಿದವರು ಅತ್ತರು. ಆದರೆ ಆಸ್ಟಿನ್ನಳ ಆರು ಕಾದಂಬರಿಗಳನ್ನು ಮತ್ತೆ ಮತ್ತೆ ಓದಿದ ಜನ ಅಲ್ಲಿ ಲಕ್ಷಗಟ್ಟಲೆ ಇದ್ದಾರೆ. ಒಬ್ಬ ಹುಡುಗ ಕೈಬಿಟ್ಟದ್ದರಿಂದ ಅಂಥ ತೀಕ್ಷ್ಣ ಬುದ್ಧಿ ಬಂತೇ, ಮೊದಲೇ ಅವಳಲ್ಲಿ ಇರಲಿಲ್ಲವೇ ಎಂದು ಅವರು ಕೇಳಿದರು. ನನಗೂ ಅದೇ ಅನ್ನಿಸುತ್ತದೆ. ಹೆಣ್ಣೊಬ್ಬಳು ಮೇಜಿನ ಮುಂದೆ ಕೂತು ವರ್ಷಗಟ್ಟಲೆ ತಿದ್ದಿ ತಿದ್ದಿ ಬರೆದದ್ದನ್ನು ಒಂದು ಋತುವಿನ ಪ್ರೇಮದ ಲೆಕ್ಕಕ್ಕೆ ಬರೆದುಬಿಟ್ಟರೆ ಅವಳ ದುಡಿಮೆಗೆ ಅನ್ಯಾಯ. ನಮ್ಮಲ್ಲಿ 'ಶರಪಂಜರ' ಚಿತ್ರ ನೋಡಿ ಬಂದ ಹೆಣ್ಣುಮಕ್ಕಳು ಅದರ ನಾಯಕಿ ಕಾವೇರಿಯ ಬಗ್ಗೆ ರಾತ್ರಿಯಿಡೀ ಮಾತಾಡಿದರು, ಆ ಕಾದಂಬರಿ ಬರೆದ ತ್ರಿವೇಣಿಯವರ ಖಾಸಗಿ ಬದುಕನ್ನು ಕೆದಕಲಿಲ್ಲ. ಅದು ಎಷ್ಟು ದೊಡ್ಡ ಓದು!

ಮತ್ತೆ ನಮ್ಮ ಕಡೆಗೇ ಬರೋಣ. ಹುಮನಾಬಾದ್ ತಾಲ್ಲೂಕಿನಲ್ಲೇ ಇರುವ ಜಲಸಂಗಿಗೆ ನೀವು ಹೋಗಿರಬಹುದು. ಹೋಗದಿದ್ದರೆ ದಯವಿಟ್ಟು ಹೋಗಿ. ಅಲ್ಲಿಯ ಚಾಲುಕ್ಯರ ಗುಡಿಯ ಹೊರಗೋಡೆಯ ತುಂಬ ಹೆಣ್ಣಿನ ಶಿಲ್ಪಗಳು. ಅವುಗಳಲ್ಲಿ ಒಬ್ಬಳು, ಬೆನ್ನು ನಮ್ಮ ಕಡೆ ತಿರುಗಿಸಿ, ಮೈ ಬಳುಕಿಸಿ ನಿಂತು ಫಲಕದ ಮೇಲೆ ಬರೆಯುತ್ತಿದ್ದಾಳೆ. ಶಾಸನ ಸುಂದರಿ ಎಂದು ಅವಳನ್ನು ಕರೆಯುತ್ತಾರೆ. ನಾನು ಮಕ್ಕಳನ್ನು ಕರೆದುಕೊಂಡು ಹೋದಾಗ ಒಬ್ಬ ಹುಡುಗಿ, "ಸರ್, ಅಕಿ ಯಾರಿಗೋ ಪತ್ರ ಬರೀಲತಾಳ" ಅಂದಳು. ಉಳಿದವರೆಲ್ಲ ನಕ್ಕು ಒಪ್ಪಿದರು. ನೋಡುವ ಕಣ್ಣು ಮೊದಲು ಪ್ರೇಮವನ್ನೇ ಹುಡುಕುವುದು ಸಹಜ. ಹತ್ತಿರ ಹೋಗಿ ನೋಡಿದರೆ ಅಕ್ಷರಗಳು ಈಗಲೂ ಇವೆ, ಸಂಸ್ಕೃತದಲ್ಲಿ. ಏಳು ದ್ವೀಪಗಳ ಭೂಮಿಯನ್ನೆಲ್ಲ ಚಾಲುಕ್ಯ ವಿಕ್ರಮಾದಿತ್ಯ ತನ್ನದಾಗಿಸಿಕೊಳ್ಳುವನು ಎಂಬ ಅರ್ಥದ ಶ್ಲೋಕ. ಬಿಲ್ಹಣ ಹೊಗಳಿದ ಅದೇ ವಿಕ್ರಮಾದಿತ್ಯ. ಅರ್ಥ ಬಿಡಿಸಿ ಹೇಳಿದಾಗ ಆ ಹುಡುಗಿಗೆ ಬೇಸರವಾಗಲಿಲ್ಲ. "ಹಂಗಂದ್ರ ಆಗ ಹೆಣ್ಮಕ್ಳಿಗಿ ಬರೀಲಿಕ್ಕಿ ಬರ್ತಿತ್ತೇನ್ರಿ ಸರ್?" ಎಂದು ಕೇಳಿದಳು. ಪ್ರೇಮಪತ್ರದ ಕಥೆಗಿಂತ ನೂರು ಪಾಲು ದೊಡ್ಡ ಪ್ರಶ್ನೆ ಅದು. ಅಕ್ಷರ ಓದಿದ ಮೇಲೆ ಹುಟ್ಟಿದ ಪ್ರಶ್ನೆ.

ಪ್ರೇಮದ ಚಿತ್ರಗಳು ಬೇಡ ಎಂದು ನಾನು ಹೇಳುತ್ತಿಲ್ಲ. ಪರದೆ ಸರಿಯುವ ಆ ಹುಣ್ಣಿಮೆಯ ರಾತ್ರಿಯನ್ನು ಕನ್ನಡದಲ್ಲಿ ಒಳ್ಳೆಯ ನಿರ್ದೇಶಕರೊಬ್ಬರು ತೆಗೆದರೆ ಮೊದಲ ಸಾಲಿನಲ್ಲಿ ಕೂತು ನೋಡುತ್ತೇನೆ. ಆದರೆ ಆ ಚಿತ್ರ ಬಸವಕಲ್ಯಾಣಕ್ಕೆ ಬರುವ ಹೊತ್ತಿಗೆ ಇಲ್ಲಿಯ ಪ್ರೇಕ್ಷಕ, ವಚನ ಬಲ್ಲ ಅವನ ಅಜ್ಜಿಯ ಹಾಗೆ, ಗಾಲಿಬನನ್ನು ಬಲ್ಲ ಅವನ ಮುತ್ಯಾನ ಹಾಗೆ, ಬಿಲ್ಹಣನ ಮಾತನ್ನು ಬಲ್ಲವನಾಗಿರಬೇಕು. ಇದು ಆಗದ ಕೆಲಸವೇನಲ್ಲ. ಹದಿನೆಂಟನೆಯ ಸರ್ಗ ನೂರು ಚಿಲ್ಲರೆ ಶ್ಲೋಕಗಳದು. ಸಂಸ್ಕೃತ ಬಲ್ಲ ಒಬ್ಬರು ಒಂದು ಶ್ಲೋಕ ಓದಿ, ನಮ್ಮ ಕಡೆಯ ಕನ್ನಡದಲ್ಲಿ ಅದರ ಅರ್ಥ ಹೇಳುತ್ತ ಹೋದರೆ ಒಂದು ಸಂಜೆಗೆ ಮುಗಿಯುತ್ತದೆ. ಬಸವಕಲ್ಯಾಣದ, ಹುಮನಾಬಾದಿನ ಕಾಲೇಜುಗಳು ವರ್ಷಕ್ಕೆ ಒಂದು ಸಂಜೆ ಇದಕ್ಕೆ ಕೊಡಲಿ. ಕಲ್ಯಾಣ ನಗರವನ್ನು ಅವನು ವರ್ಣಿಸಿದ ಎರಡನೆಯ ಸರ್ಗದ ಭಾಗವನ್ನು ಕೋಟೆಯ ಹತ್ತಿರವೇ ಓದಲಿ. ಈಗ ನಾವು ನೋಡುವ ಕೋಟೆಯ ಬಹುಪಾಲು ಮುಂದಿನವರು ಕಟ್ಟಿದ್ದು, ಚಾಲುಕ್ಯರ ಕಲ್ಯಾಣ ಹೆಚ್ಚಾಗಿ ಆ ಶ್ಲೋಕಗಳಲ್ಲೇ ಉಳಿದಿದೆ. ಮರುದಿನ ನಾರಾಯಣಪುರದ ಗುಡಿಗೆ, ಜಲಸಂಗಿಗೆ ಹೋಗಿ ಬರಲಿ. ಸಾಲೆಯ ಮಕ್ಕಳು ಇರಲಿ, ಉರ್ದು ಬಲ್ಲ ಹಿರಿಯರೂ ಇರಲಿ, ಮರಾಠಿ ಮಾತಾಡುವ ನೆರೆಯವರೂ ಇರಲಿ. ಕಾಶ್ಮೀರದಿಂದ ಬಂದವನನ್ನು ವಿದ್ಯಾಪತಿ ಮಾಡಿದ ಊರಿಗೆ ಯಾರೂ ಹೊರಗಿನವರಲ್ಲ.

ಇಂಥ ಸಂಜೆಯೊಂದನ್ನು ಏರ್ಪಡಿಸುವ ಮನಸ್ಸಿದ್ದ ಅಧ್ಯಾಪಕರು ಕೇಳುತ್ತಿದ್ದರೆ, ಮೊದಲ ಸಂಜೆಗೆ ಖೋನಮುಖದ ಕೇಸರಿ ಹೊಲಗಳಿಂದ ಕಲ್ಯಾಣದ ಆನೆಯವರೆಗಿನ ಭಾಗವನ್ನು ಎತ್ತಿಕೊಳ್ಳಿ. ಕೇಳಲು ಬಂದವರು ನಡುವೆ ಎದ್ದು ಹೋಗುವುದಿಲ್ಲ.